ಬೆರಳಿಟ್ಟು ಓದುವವರಿಗೆ ಬರೆದದ್ದು

ನನಗೆ ಬರೆಯಲು ಕಲಿಸಿದ ಮೂವರಲ್ಲಿ ಒಬ್ಬರಿಗೆ ಓದಲು ಬರುತ್ತಿರಲಿಲ್ಲ, ಇನ್ನೊಬ್ಬರು ಆಗಷ್ಟೇ ಅಕ್ಷರ ಕೂಡಿಸಲು ಕಲಿತಿದ್ದರು. ಇದನ್ನು ಹೇಳಿದರೆ ಕೆಲವರು ವಿನಯಕ್ಕೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ವಿನಯ ನನ್ನ ಹತ್ತಿರ ಆಗ ಸುಳಿದಿರಲೂ ಇಲ್ಲ.

ತೊಂಬತ್ತರ ದಶಕದ ಮಾತು. ಬಿ.ಎ. ಮುಗಿಸಿ ಪಾಂಡವಪುರದ ನಮ್ಮ ಮನೆಗೆ ಬಂದಿದ್ದೆ. ಅಪ್ಪನದು ಸಣ್ಣ ದಿನಸಿ ಅಂಗಡಿ. ಅಡುಗೆಮನೆಯ ಅಟ್ಟದ ಮೇಲೆ ಅವ್ವ ಸಾಲಾಗಿ ಜೋಡಿಸಿದ್ದ ಸ್ಟೀಲ್ ಲೋಟ, ತಟ್ಟೆಗಳಲ್ಲಿ ಅರ್ಧಕ್ಕರ್ಧ ನಾನು ಪ್ರಬಂಧ ಸ್ಪರ್ಧೆಗಳಲ್ಲಿ ಗೆದ್ದವು. ಗೆಲ್ಲುವ ಗುಟ್ಟು ನನಗೆ ಸಿಕ್ಕಿತ್ತು. ಕತ್ತಲೆ ಅನ್ನಬೇಕಾದ ಕಡೆ ಅಂಧಕಾರ ಅನ್ನಬೇಕು, ಹೊಳೆ ಅನ್ನಬೇಕಾದ ಕಡೆ ಸ್ರೋತಸ್ವಿನಿ ಅನ್ನಬೇಕು. ಓದಿದವರು ಒಂದು ಕ್ಷಣ ತಬ್ಬಿಬ್ಬಾಗಬೇಕು. ಅದೇ ಒಳ್ಳೆಯ ಬರವಣಿಗೆ ಎಂದು ನಂಬಿದ್ದೆ.

ಊರೂರಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿದ್ದ ಕಾಲ ಅದು. ಹೊಸದಾಗಿ ಓದಲು ಕಲಿತವರಿಗಾಗಿ ಹದಿನೈದು ದಿನಕ್ಕೊಮ್ಮೆ ಒಂದು ಗೋಡೆ ಪತ್ರಿಕೆ ತರುವ ಯೋಚನೆ ಬಂತು. ದೊಡ್ಡ ಅಕ್ಷರದ ಒಂದೇ ಹಾಳೆ. ಹಾಲಿನ ಡೈರಿ, ಶಾಲೆ, ಬಸ್ ನಿಲ್ದಾಣಗಳ ಗೋಡೆಗೆ ಅಂಟಿಸುವುದು. ಅದನ್ನು ಬರೆಯುವ ಕೆಲಸ ನನಗೆ ಸಿಕ್ಕಿತು. ನಮ್ಮ ಕೋಣೆ ಇದ್ದದ್ದು ಶ್ರೀರಂಗಪಟ್ಟಣದಲ್ಲಿ, ಒಂದು ಹಳೆಯ ಕಟ್ಟಡದ ಹಿಂಭಾಗದಲ್ಲಿ. ಎರಡು ಮೇಜು, ಒಂದು ಬೀರು. ಇನ್ನೊಂದು ಮೇಜಿನಲ್ಲಿ ಕೂರುತ್ತಿದ್ದವರು ಈ ಕೆಲಸದ ಮೇಲ್ವಿಚಾರಣೆ ಹೊತ್ತಿದ್ದ ನಿವೃತ್ತ ಹೆಡ್‌ಮಾಸ್ಟರು. ಬಿಳಿ ಪಂಚೆ, ತೋಳು ಮಡಚಿದ ಅಂಗಿ, ಮಾತು ಕಡಿಮೆ. ನಾನು ಅವರನ್ನು ಮೇಷ್ಟ್ರೇ ಅಂತಲೇ ಕರೆಯುತ್ತಿದ್ದೆ.

ಮೊದಲ ಹಾಳೆಗೆ ಮೂರು ದಿನ ಕೂತು ಬರೆದೆ. ಮೊದಲ ಸಾಲು ಈಗಲೂ ಬಾಯಿಪಾಠವಿದೆ: "ಮನುಕುಲದ ಅಜ್ಞಾನಾಂಧಕಾರವನ್ನು ಹೋಗಲಾಡಿಸಿ ಸುಜ್ಞಾನದ ಹೊಂಬೆಳಕನ್ನು ಪಸರಿಸುವ ದಿವ್ಯಜ್ಯೋತಿಯೇ ಸಾಕ್ಷರತೆ." ಮೇಷ್ಟ್ರು ಪೂರ್ತಿ ಓದಿ, ಒಂದು ಮಾತೂ ಆಡದೆ ಅಚ್ಚಿಗೆ ಕಳಿಸಿದರು. ನಾನು ಗೆದ್ದೆ ಅಂದುಕೊಂಡೆ. ಅಚ್ಚಾಗಿ ಬಂದ ದಿನ ಒಂದು ಸುರುಳಿಯನ್ನು ನನ್ನ ಕೈಗಿತ್ತು, ಹೊಣಕೆರೆ ಹತ್ತಿರದ ಒಂದು ಹಳ್ಳಿಯ ಹೆಸರು ಹೇಳಿ, ಅಲ್ಲಿನ ಡೈರಿ ಜಗಲಿಯಲ್ಲಿ ಹೆಂಗಸರ ತರಗತಿ ನಡೆಯುತ್ತದೆ, ನೀನೇ ಅಂಟಿಸಿ ಅವರು ಓದುವುದನ್ನು ಕೇಳಿಕೊಂಡು ಬಾ ಎಂದರು.

ಪಾಂಡವಪುರ ದಾಟಿ, ನಾಗಮಂಗಲದಲ್ಲಿ ಬಸ್ಸು ಬದಲಿಸಿ, ಹೊಣಕೆರೆಯಿಂದ ಮುಂದಕ್ಕೆ ನಡೆದು ಹೋಗಿ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬೆಳಗಿನ ಹಾಲು ಹಾಕಿ, ಸಂಜೆ ಹಾಲು ಕರೆಯುವುದಕ್ಕೆ ಮುಂಚೆ ಸಿಗುವ ಬಿಡುವಿನಲ್ಲಿ ಆ ತರಗತಿ. ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ಹಾಳೆ ಅಂಟಿಸಿದ ಮೇಲೆ ಐವತ್ತರ ಆಸುಪಾಸಿನ ಒಬ್ಬರು ಎದ್ದು ಬಂದರು. ಗಟ್ಟಿ ಮೈಕಟ್ಟು, ಮಂಡಿಯವರೆಗೆ ಎತ್ತಿ ಸಿಕ್ಕಿಸಿದ ಸೀರೆ. ಅವರ ಮನೆಯಲ್ಲಿ ಎರಡು ಸೀಮೆಹಸು, ಒಂದು ಎಮ್ಮೆ ಇದ್ದವು ಅಂತ ಆಮೇಲೆ ತಿಳಿಯಿತು. ನಾನು ಅವರನ್ನು ಹೊಣಕೆರೆಯಮ್ಮ ಎಂದೇ ಮನಸ್ಸಿನಲ್ಲಿ ಕರೆದುಕೊಳ್ಳುತ್ತಿದ್ದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ.

ಅವರು ಮೊದಲ ಅಕ್ಷರದ ಮೇಲೆ ತೋರುಬೆರಳಿಟ್ಟರು. "ಮ... ನು... ಕು..." ಒಂದೊಂದು ಅಕ್ಷರಕ್ಕೂ ಹುಬ್ಬು ಗಂಟಾಗುತ್ತಿತ್ತು. ಅಜ್ಞಾನಾಂಧಕಾರದ ನಡುವೆ ಬೆರಳು ಮೂರು ಸಲ ಹಿಂದಕ್ಕೆ ಬಂತು. ಹಣೆ ಬೆವರಿತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಶುರು ಮಾಡಿದರು. ಜತೆಯವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಪಟ್ಟು ಬಿಡದೆ ಸಾಕ್ಷರತೆಯವರೆಗೂ ಬಂದು ಮುಟ್ಟಿ, ಬೆರಳು ತೆಗೆದು ನನ್ನ ಕಡೆ ತಿರುಗಿದರು.

"ಇಷ್ಟೊತ್ತು ಓದ್ದೆ ಕಣವ್ವ. ಇದ್ರಾಗೆ ಏನದೆ?"

ಅಕ್ಷರ ಕಲಿತರೆ ಒಳ್ಳೆಯದು ಅಂತ ಇದೆ ಎಂದೆ.

"ಅದು ಗೊತ್ತಿದ್ದೇ ಅಲ್ವ ನಾವು ಇಲ್ಲಿ ಬಂದು ಕುಂತಿರಾದು?"

ಅದರಲ್ಲಿ ಕುಹಕವೇನೂ ಇರಲಿಲ್ಲ. ನಿಜಕ್ಕೂ ಕೇಳಿದ್ದರು. ಆದರೆ ಸಂಜೆ ಬಸ್ಸಿನುದ್ದಕ್ಕೂ ನಾನು ಅವರ ಮೇಲೆ ಕುದಿಯುತ್ತಾ ಬಂದೆ. ಮಾರನೆಯ ದಿನ ಮೇಷ್ಟ್ರ ಮುಂದೆ ದೂರು ಹೇಳಿದೆ. ಅವರಿಗೆ ಅರ್ಥವಾಗುವುದಿಲ್ಲ ಅಂದರೆ ನಾನೇನು ಮಾಡಲಿ ಎಂದೆ. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆಳವಾದ ಬಾವಿಯಿಂದ ಕೊಡ ಸೇದುತ್ತಾರಲ್ಲ, ಹಾಗೆ ಅವರು ಒಂದೊಂದು ಮಾತನ್ನೂ ಸೇದಿ ಮೇಲಕ್ಕೆ ತರುತ್ತಾರಮ್ಮ. ತಂದ ಮೇಲೆ ಕೊಡದಲ್ಲಿ ನೀರಿರಬೇಕು. ನಿನ್ನ ಕೊಡಕ್ಕೆ ಬಣ್ಣ ಚೆನ್ನಾಗಿ ಬಳಿದಿದ್ದೀಯ, ಒಳಗೆ ಏನೂ ಇಲ್ಲ."

ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ, ಅಚ್ಚು ಯಾಕೆ ಹಾಕಿಸಿದಿರಿ ಎಂದು ಕೇಳಿದೆ. ಅಚ್ಚು ಹಾಕಿಸದಿದ್ದರೆ ನೀನು ನನ್ನ ಮೇಲೆ ಕೋಪ ಮಾಡಿಕೊಂಡು ಅಷ್ಟಕ್ಕೇ ಸುಮ್ಮನಾಗುತ್ತಿದ್ದೆ ಅಂದರು. ಆಮೇಲೆ, ಇನ್ನು ಮೇಲೆ ಜನರಿಗೆ ಬರೆಯಬೇಡ, ಜನ ಅಂತ ಯಾರೂ ಇಲ್ಲ, ಆ ಯಮ್ಮನಿಗೆ ಬರಿ ಎಂದರು. ಇವತ್ತಿಗೂ ಬರೆಯಲು ಕೂತಾಗ ಒಬ್ಬರ ಮುಖವನ್ನು ಎದುರಿಗೆ ತಂದುಕೊಳ್ಳದೆ ನಾನು ಪೆನ್ನು ಬಿಚ್ಚುವುದಿಲ್ಲ. ಒಬ್ಬರಿಗೆ ಚೆನ್ನಾಗಿ ಬರೆದದ್ದು ಹೇಗೋ ನೂರು ಜನಕ್ಕೆ ತಲುಪುತ್ತದೆ. ನೂರು ಜನಕ್ಕೆಂದು ಬರೆದದ್ದು ಒಬ್ಬರಿಗೂ ತಲುಪದೆ ಹೋಗಬಹುದು.

ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ನಾನು ಬರೆದುಕೊಟ್ಟ ಹಾಳೆಯ ಮೇಲ್ಭಾಗವನ್ನು ನಾಲ್ಕು ಬೆರಳಗಲ ಹಿಂದಕ್ಕೆ ಮಡಚಿ, ಅಲ್ಲಿಂದ ಕೆಳಗೆ ಓದುತ್ತಿದ್ದರು. ಓದಿ ಮುಗಿಸಿ, ಮಡಚಿದ್ದರಲ್ಲಿ ಇದ್ದದ್ದು ಬೇಕಿತ್ತೇ ಎಂದು ಕೇಳುತ್ತಿದ್ದರು. ಒಂದು ಸಲವೂ ಬೇಕಾಗುತ್ತಿರಲಿಲ್ಲ. ಬರೆಯುವವರು ಮೊದಲ ಪ್ಯಾರಾದಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಾರೆ, ಓದುವವರು ಅದನ್ನು ಕೇಳಬೇಕಾಗಿಲ್ಲ ಎನ್ನುವುದು ಅವರ ಮಾತು. ನನಗೆ ಹೊಟ್ಟೆ ಉರಿಯುತ್ತಿತ್ತು, ಏಕೆಂದರೆ ನಾನು ಹೆಚ್ಚು ಕಷ್ಟಪಟ್ಟಿರುತ್ತಿದ್ದದ್ದು ಆ ಮೊದಲ ಪ್ಯಾರಾದಲ್ಲೇ.

ನಾಲ್ಕನೆಯ ಹಾಳೆ ಕಾಲುಬಾಯಿ ಜ್ವರದ ಮೇಲೆ. ಆ ವರ್ಷ ಸುತ್ತಲ ಊರುಗಳಲ್ಲಿ ದನಗಳಿಗೆ ಬಂದಿತ್ತು. ಒಂದು ಪುಸ್ತಕದಿಂದ ವಿಷಯ ತೆಗೆದು, ಸಣ್ಣ ಸಣ್ಣ ವಾಕ್ಯ ಮಾಡಿ ಬರೆದೆ. ಈ ಸಲ ಹೊಣಕೆರೆಯಮ್ಮ ಸಲೀಸಾಗಿ ಓದಿದರು. ಕೊನೆಯ ಸಾಲು, "ಕೂಡಲೇ ಪಶುವೈದ್ಯರನ್ನು ಸಂಪರ್ಕಿಸಿ" ಎಂದಿತ್ತು. ಸಂಪರ್ಕಿಸಿ ಅಂದರೆ ನಾವು ಏನು ಮಾಡಬೇಕು ಎಂದು ಕೇಳಿದರು. ಡಾಕ್ಟರ ಹತ್ತಿರ ಹೋಗಬೇಕು ಎಂದೆ. ಡಾಕ್ಟರು ಹೊಣಕೆರೆಗೆ ಬರುವುದು ಮಂಗಳವಾರ, ಶುಕ್ರವಾರ ಮಾತ್ರ, ಅದನ್ನು ಯಾಕೆ ಬರೆದಿಲ್ಲ ಎಂದರು. ನನಗೆ ಗೊತ್ತೇ ಇರಲಿಲ್ಲ.

"ಕಾಲುಬಾಯಿ ಬಂದ ದನವ ನೀನು ಕಂಡಿದ್ದೀಯ?"

ಇಲ್ಲ ಎಂದೆ.

"ಕಾಣ್ದೆ ಬರ್ದುಬುಟ್ಯಾ? ಬಾ ಇಲ್ಲಿ."

ಕೈ ಹಿಡಿದು ಪಕ್ಕದ ಬೀದಿಯ ಒಂದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಕಂದು ಬಣ್ಣದ ಹಸು ನಿಂತಿತ್ತು. ಒಳಗೆ ಕಾಲಿಡುವ ಮೊದಲೇ ಒಂದು ಸದ್ದು ಕೇಳಿಸಿತು, ಯಾರೋ ಬಾಯಿ ಚಪ್ಪರಿಸಿ ಊಟ ಮಾಡುತ್ತಿರುವಂತೆ. ಹಸುವಿನ ಮುಂದಿದ್ದ ಹುಲ್ಲು ಹಾಗೇ ಇತ್ತು. ಜೊಲ್ಲು ನೂಲಿನ ಎಳೆಯಂತೆ ನೆಲದವರೆಗೂ ಇಳಿದಿತ್ತು. ನೆಲ ಕೆಂಡವಾಗಿದೆಯೇನೋ ಅನ್ನುವ ಹಾಗೆ ಅದು ಒಂದು ಕಾಲನ್ನು ಎತ್ತಿ ಇಳಿಸಿ, ಇನ್ನೊಂದನ್ನು ಎತ್ತುತ್ತಿತ್ತು. ನನ್ನ ಹಾಳೆಯಲ್ಲಿ "ಬಾಯಿ ಮತ್ತು ಗೊರಸುಗಳಲ್ಲಿ ವ್ರಣಗಳು ಉಂಟಾಗುತ್ತವೆ" ಎಂದಿತ್ತು. ತಪ್ಪೇನಿಲ್ಲ. ಆದರೆ ಬಾಗಿಲಲ್ಲೇ ಕೇಳುವ ಆ ಸದ್ದು ಅದರಲ್ಲಿರಲಿಲ್ಲ.

ಶ್ರೀರಂಗಪಟ್ಟಣಕ್ಕೆ ಬಂದು ಹಾಳೆಯನ್ನು ಮತ್ತೆ ಬರೆದೆ. "ನಿಮ್ಮ ಹಸು ಮೇವು ತಿನ್ನದೆ ಬಾಯಿ ಚಪ್ಪರಿಸುತ್ತಿದೆಯೆ? ಜೊಲ್ಲು ನೂಲಿನ ಹಾಗೆ ಇಳಿಯುತ್ತಿದೆಯೆ? ಅದನ್ನು ಬೇರೆ ಕಡೆ ಕಟ್ಟಿ. ಹೊಣಕೆರೆಗೆ ಡಾಕ್ಟರು ಬರುವುದು ಮಂಗಳವಾರ ಮತ್ತು ಶುಕ್ರವಾರ." ಆ ಹಾಳೆ ಅಂಟಿಸಿದ ವಾರ ಡೈರಿಯ ಮುಂದೆ ಗಂಡಸರೂ ನಿಂತು ಓದಿದರು. ಓದು ಬಾರದ ಒಬ್ಬರು ಇನ್ನೊಬ್ಬರಿಂದ ಎರಡು ಸಲ ಓದಿಸಿಕೊಂಡು, ಸೀದಾ ಮನೆಗೆ ಹೋಗಿ ತಮ್ಮ ಹಸುವನ್ನು ಬೇರೆ ಕಟ್ಟಿದರಂತೆ. ಇದನ್ನು ಹೊಣಕೆರೆಯಮ್ಮ ಹೇಳಿದಾಗ ನನಗಾದ ಸಂತೋಷವನ್ನು ಅಟ್ಟದ ಮೇಲಿನ ಲೋಟಗಳೆಲ್ಲ ಸೇರಿದರೂ ಕೊಟ್ಟಿರಲಿಲ್ಲ. ನಾನು ಬರೆದ ಒಂದು ವಾಕ್ಯ ಎದ್ದು ಹೋಗಿ ಒಂದು ಹಗ್ಗ ಬಿಚ್ಚಿತ್ತು.

ಆಮೇಲೆ ನಾನು ಏನೇ ಬರೆದರೂ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳತೊಡಗಿದೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕಲಿಸುತ್ತೇನೆ ಅಂದರೆ, ಈ ವಯಸ್ಸಿಗೆ ಬೇಡ ಬುಡು ಅನ್ನುತ್ತಿದ್ದಳು. ಅವಳು ಜಗಲಿಯಲ್ಲಿ ಮೊರ ಹಿಡಿದು ರಾಗಿ ಕೇರುವಾಗ ಎದುರಿಗೆ ಕೂತು ಓದುತ್ತಿದ್ದೆ. ಚೆನ್ನಾಗಿದೆಯಾ ಎಂದು ಕೇಳಿದರೆ ಯಾವಾಗಲೂ ಚೆನ್ನಾಗಿದೆ ಅನ್ನುತ್ತಿದ್ದಳು, ಹೆತ್ತ ತಾಯಿ ಇನ್ನೇನು ಹೇಳುತ್ತಾಳೆ. ಆದರೆ ಮೊರ ಸುಳ್ಳು ಹೇಳುತ್ತಿರಲಿಲ್ಲ. ಬೇಸರದ ಕಡೆ ಅದು ಒಂದೇ ಸಮನೆ ಸದ್ದು ಮಾಡುತ್ತಿತ್ತು. ಮನಸ್ಸು ಹಿಡಿದ ಕಡೆ ಕೈ ನಿಧಾನವಾಗಿ, ನಿಂತೇಬಿಡುತ್ತಿತ್ತು. ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಳ್ಳುತ್ತಿದ್ದೆ. ಬರೆದದ್ದನ್ನು ಕೈಯಲ್ಲಿ ಕೆಲಸವಿರುವವರಿಗೆ ಓದಿ ಹೇಳಿ. ನಿಮ್ಮ ಮುಖ ನೋಡುತ್ತಾ ಕೂತವರು ತಲೆಯಾಡಿಸಿಬಿಡುತ್ತಾರೆ.

ಒಂದು ವರ್ಷ ಕಳೆಯುವ ಹೊತ್ತಿಗೆ ಕೆ.ಆರ್. ಪೇಟೆಯಲ್ಲಿ ಒಂದು ಕಮ್ಮಟವಿದೆ ಎಂಬ ಸುದ್ದಿ ಬಂತು. ಹೊಸ ಓದುಗರಿಗಾಗಿ ಪುಟ್ಟ ಪುಟ್ಟ ಪುಸ್ತಕ ಬರೆಸುವುದು. ಬರೆದು ತಂದದ್ದನ್ನು ಹಳ್ಳಿಗಳಿಂದ ಬಂದ ಓದುಗರೇ ಓದಿ ನೋಡುತ್ತಾರೆ, ಅವರಿಗೆ ಹಿಡಿಸಿದ್ದು ಮಾತ್ರ ಅಚ್ಚಾಗುತ್ತದೆ. ಮೇಷ್ಟ್ರು ನನ್ನ ಹೆಸರು ಕಳಿಸಿದರು. ನಾನು ಕಲಿತದ್ದನ್ನೆಲ್ಲ ಉಪಯೋಗಿಸಿ, ಹಸು ಸಾಕಿ ಉಳಿತಾಯ ಮಾಡಿ ಮಕ್ಕಳನ್ನು ಓದಿಸಿದ ಜಾಣ ಹೆಣ್ಣುಮಗಳೊಬ್ಬಳ ಕಥೆ ಬರೆದೆ. ಸಣ್ಣ ವಾಕ್ಯ, ತಿಳಿಯಾದ ಮಾತು, ಕಂಡ ವಿವರ. ಹೊಣಕೆರೆಯಮ್ಮನ ಮುಂದಿಟ್ಟೆ. ಎಲ್ಲೂ ಎಡವದೆ ಓದಿ, ಹಾಳೆ ಜೋಡಿಸಿ ವಾಪಸು ಕೊಟ್ಟರು.

"ಎಲ್ಲಾ ಅರ್ಥವಾಯ್ತದೆ ಕಣವ್ವ. ಆದ್ರೆ ಇವಳು ಒಂದ್ಸಲಾನೂ ತಪ್ಪು ಮಾಡಾಕಿಲ್ಲ, ಒಂದ್ಸಲಾನೂ ನಾಚ್ಕಳಾಕಿಲ್ಲ. ಇಂಥವಳ್ನ ನಾನು ಯಾವ ಊರಲ್ಲೂ ಕಂಡಿಲ್ಲ."

ಕಮ್ಮಟಕ್ಕೆ ಹತ್ತು ದಿನ ಉಳಿದಿತ್ತು. ಸಂಜೆ ಮನೆಗೆ ಬಂದವಳು ಜಗಲಿಯಲ್ಲಿ ಕೂತು ನಡೆದದ್ದನ್ನು ಅವ್ವನಿಗೆ ಹೇಳಿದೆ. ತಪ್ಪು ಮಾಡಿ ನಾಚಿಕೊಂಡವಳ ಕಥೆ ನಾನೆಲ್ಲಿಂದ ತರಲಿ ಎಂದೆ. ಅವ್ವ ಮೊರ ಕೆಳಗಿಟ್ಟಳು. ಆಮೇಲೆ, "ನಿನ್ನ ಚಿಕ್ಕಮ್ಮನ ಮದುವೆ ದಿನ ಬಸ್ಸು ಕೆಟ್ಟಿರ್ನಿಲ್ಲ ಕಣೆ" ಎಂದಳು.

ನಮ್ಮ ಮನೆಯಲ್ಲಿ ಆ ಬಸ್ಸಿನ ವಿಷಯ ಎಲ್ಲರಿಗೂ ಗೊತ್ತಿತ್ತು. ನಾನು ಹುಟ್ಟುವ ಮುಂಚಿನ ಸಂಗತಿ. ಅವ್ವನ ತಂಗಿಯ ಮದುವೆ ಕೆ.ಆರ್. ಪೇಟೆಯಲ್ಲಿ. ಅಪ್ಪ ಹಿಂದಿನ ದಿನವೇ ಹೋಗಿದ್ದರು. ಅವ್ವ ಬೆಳಿಗ್ಗೆ ಧಾರೆಗೆ ಬೇಕಾದ ಮಲ್ಲಿಗೆ ಹೂವಿನ ಬುಟ್ಟಿ ಹಿಡಿದು ಒಬ್ಬಳೇ ಹೊರಟಿದ್ದಳು. ದಾರಿಯಲ್ಲಿ ಬಸ್ಸು ಕೆಟ್ಟು ಧಾರೆ ತಪ್ಪಿಹೋಯಿತು ಎಂದು ಸಂಜೆ ಬಂದು ಹೇಳಿದ್ದಳು. ಆ ಬಸ್ಸಿಗೆ ನಮ್ಮ ನೆಂಟರೆಲ್ಲ ಇಪ್ಪತ್ತೈದು ವರ್ಷ ಶಾಪ ಹಾಕಿದ್ದರು.

ನಡೆದದ್ದೇ ಬೇರೆ. ಕೆ.ಆರ್. ಪೇಟೆಯ ಬಸ್ಸು ನಿಲ್ಲುವುದು ಹುಣಸೆ ಮರದ ಕೆಳಗೆ ಎನ್ನುವುದು ಅವ್ವನಿಗಿದ್ದ ಗುರುತು. ಅವತ್ತು ಆ ಮರದ ಕೆಳಗೆ ನಾಗಮಂಗಲದ ಬಸ್ಸು ನಿಂತಿತ್ತು. ಹತ್ತಿ ಕೂತಳು. ಊರು ದಾಟಿದ ಮೇಲೆ ಟಿಕೆಟ್ ಕೇಳಲು ಬಂದ ಕಂಡಕ್ಟರಿಗೆ ಕೆ.ಆರ್. ಪೇಟೆ ಎಂದಳು. ಬೋರ್ಡು ಓದಕ್ಕೆ ಬರಲ್ವೇನಮ್ಮ ಎಂದು ಅವನು ಇಡೀ ಬಸ್ಸಿಗೆ ಕೇಳುವಂತೆ ಅಂದ. ನಾಲ್ಕು ಜನ ನಕ್ಕರು. ರೇಷ್ಮೆ ಸೀರೆ ಉಟ್ಟು, ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವ್ವನಿಗೆ ಆ ನಗು ತಡೆಯಲಾಗಲಿಲ್ಲ. ಇಲ್ಲ ಇಲ್ಲ, ನಾನು ಇದೇ ಕಡೆ ಹೋಗಬೇಕು, ಬಾಯಿ ತಪ್ಪಿ ಅಂದೆ ಎಂದುಬಿಟ್ಟಳು. ಯಾವ ಊರು ಎಂದ. ಮುಂದಿನ ಸೀಟಿನ ಹೆಂಗಸು ಆಗಷ್ಟೇ ಟಿಕೆಟ್ ಕೇಳಿದ್ದ ಊರಿನ ಹೆಸರನ್ನೇ ಅವ್ವ ಹೇಳಿದಳು.

ಆ ಊರಲ್ಲಿ ಇಬ್ಬರೂ ಇಳಿದರು. ಯಾರ ಮನೆಗೆ ಬಂದಿದ್ದೀರಿ ಎಂದು ಆ ಹೆಂಗಸು ಕೇಳಿದಾಗ ಅವ್ವನ ಬಾಯಿ ಕಟ್ಟಿತು. ಆಕೆ ಮತ್ತೇನೂ ಕೇಳದೆ ಮನೆಗೆ ಕರೆದುಕೊಂಡು ಹೋಗಿ, ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಧಾರೆಯ ಹೊತ್ತು ಅಲ್ಲೇ ಕಳೆಯಿತು. ಹೂವು ಬಾಡಿಹೋಗುತ್ತದಲ್ಲ ಎಂದು ಅವ್ವ ಬುಟ್ಟಿ ಬಿಚ್ಚಿ, ಆ ಮನೆಯ ಹೆಂಗಸರಿಗೂ ಅಕ್ಕಪಕ್ಕದವರಿಗೂ ಮುಡಿಸಿದಳು. ಮದುವೆಯೇ ಇಲ್ಲದ ಊರಿನ ಒಂದು ಬೀದಿಯ ಹೆಂಗಸರೆಲ್ಲ ಅವತ್ತು ಮದುವೆಯ ಮಲ್ಲಿಗೆ ಮುಡಿದಿದ್ದರು.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವ್ವ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಇದನ್ನು ಬರೆಯಲಾ ಎಂದು ಹೆದರುತ್ತಲೇ ಕೇಳಿದೆ.

"ಬರಿ. ಬರಿಯಾದಾದ್ರೆ ನಡೆದಂಗೇ ಬರಿ. ನನ್ನ ಒಳ್ಳೆಯವಳ ಮಾಡಬ್ಯಾಡ."

ಆರು ಸಲ ಬರೆದೆ. ಮೊದಲ ಸಲ ಅನಕ್ಷರತೆಯ ಶಾಪದ ಬಗ್ಗೆ ಒಂದು ಪ್ಯಾರಾ ತಾನೇ ತಾನಾಗಿ ಬಂದು ಕೂತಿತ್ತು. ಮಡಚಿ ಹರಿದೆ. ಆಮೇಲೆ, "ಪಾಪ, ಆಕೆಗೆ ಎಷ್ಟು ಸಂಕಟವಾಗಿರಬೇಕು" ಎಂಬ ಸಾಲು ಹೊಡೆದುಹಾಕಿದೆ. ನಾಲ್ಕು ಜನ ನಕ್ಕರು ಎಂದಿದ್ದರೆ ಸಾಕು, ಸಂಕಟ ಓದುವವರಿಗೆ ತಾನಾಗಿ ಆಗುತ್ತದೆ. ಕಂಡಕ್ಟರನನ್ನು ರಾಕ್ಷಸನ ಹಾಗೆ ಚಿತ್ರಿಸಿದ್ದೆ. ಅವ್ವ ಒಪ್ಪಲಿಲ್ಲ, ಅವನೂ ಹುಡುಗ, ತಮಾಷೆಗೆ ಅಂದಿದ್ದ ಎಂದಳು. ಅದನ್ನೂ ತಿದ್ದಿದೆ. ಕೊನೆಗೆ ಉಳಿದ ಮೊದಲ ಸಾಲು: "ಬಸ್ಸು ಹುಣಸೆ ಮರದ ಕೆಳಗೆ ನಿಂತಿತ್ತು."

ಕಮ್ಮಟ ನಡೆದದ್ದು ಕೆ.ಆರ್. ಪೇಟೆಯ ಒಂದು ಶಾಲೆಯಲ್ಲಿ, ರಜೆಯ ದಿನಗಳಲ್ಲಿ. ಬರೆಯುವವರು ಹತ್ತು ಹನ್ನೆರಡು ಜನ, ಹೆಚ್ಚಿನವರು ಕಾಲೇಜಿನ ಅಧ್ಯಾಪಕರು. ನಾನೇ ಚಿಕ್ಕವಳು. ಓದುಗರಲ್ಲಿ ಹೊಣಕೆರೆಯಮ್ಮನೂ ಇದ್ದರು. ಪರಿಸರದ ಬಗ್ಗೆ ಬರೆದಿದ್ದ ಒಬ್ಬ ಅಧ್ಯಾಪಕರ ಪ್ರತಿಯನ್ನು ಒಬ್ಬರು ಎರಡು ಪುಟ ಓದಿ, ಕಣ್ಣು ಉರಿಯುತ್ತದೆ ಸ್ವಾಮಿ ಎಂದು ಮರ್ಯಾದೆಯಿಂದ ಕೆಳಗಿಟ್ಟರು. ಆ ಸ್ಥಿತಿ ನನಗೆ ಗೊತ್ತಿತ್ತು, ಅವರ ಮುಖ ನೋಡಲಾಗಲಿಲ್ಲ.

ನನ್ನದು ಹೇಮಗಿರಿ ಕಡೆಯಿಂದ ಬಂದಿದ್ದ, ನಾನು ಹಿಂದೆಂದೂ ಕಾಣದ ಹೆಂಗಸೊಬ್ಬರ ಕೈಗೆ ಹೋಯಿತು. ಒಳಗೆ ಕೂರಲಾರದೆ ನಾನು ಹೊರಗೆ ಕಿಟಕಿಯ ಹತ್ತಿರ ನಿಂತೆ. ಬೆರಳು ಹುಣಸೆ ಮರದ ಮೇಲೆ ನಿಧಾನವಾಗಿ ಹೋಯಿತು. ಕಂಡಕ್ಟರು ಬಂದಾಗ ನಿಂತಿತು. ಓದುತ್ತಿದ್ದವರ ದವಡೆ ಬಿಗಿಯಿತು. ಆಮೇಲೆ ಬೆರಳು ಓಡತೊಡಗಿತು, ಅಕ್ಷರ ಅರ್ಧ ನುಂಗಿ ಮುಂದಕ್ಕೆ ಹೋಗುತ್ತಿತ್ತು. ಪಕ್ಕದವರು ತಮ್ಮ ಪ್ರತಿಗಳನ್ನು ಬಿಟ್ಟು ಹತ್ತಿರ ಸರಿದರು. ಹೂವಿನ ಕಡೆ ಬಂದಾಗ ಎಲ್ಲರೂ ಒಟ್ಟಿಗೆ ನಕ್ಕು, ಆಮೇಲೆ ಒಬ್ಬಿಬ್ಬರು ಮೂಗು ಒರೆಸಿಕೊಂಡರು. ಮುಗಿದ ಮೇಲೆ ಕಥೆಯನ್ನು ತಿರುಗಿ ಹೇಳಬೇಕಿತ್ತು. ಆ ಹೆಂಗಸು ತಾನೇ ಆ ಬಸ್ಸಿನಲ್ಲಿ ಕೂತಿದ್ದ ಹಾಗೆ ಹೇಳಿದರು, ನಾನು ಬರೆಯದ ಎರಡು ಮಾತನ್ನೂ ಸೇರಿಸಿ.

ಅಧ್ಯಾಪಕರೊಬ್ಬರು, ಇದರಿಂದ ತಿಳಿಯುವ ನೀತಿ ಏನಮ್ಮ ಎಂದು ಕೇಳಿದರು.

"ನೀತಿ ಅಂಗಿರ್ಲಿ ಬುಡಿ ಸ್ವಾಮಿ. ಆ ಯಮ್ಮ ತಂಗಿಗೆ ದಿಟ ಯೋಳುದ್ಲಾ ಇಲ್ವಾ, ಅದ ಯೋಳಿ ಮೊದ್ಲು."

ಹಾಲ್‌ನಲ್ಲಿ ನಗೆ ಎದ್ದಿತು. ಕೇಳಿದ ಅಧ್ಯಾಪಕರೂ ನಕ್ಕು, ನನ್ನನ್ನು ಒಳಗೆ ಕರೆದು ಕೈ ಮುಗಿದರು. ಅಚ್ಚಿಗೆ ಮೊದಲು ಆರಿಸಿದ್ದು ನನ್ನ ಪುಸ್ತಕ. ಅಲ್ಲಿಗೆ ಬಂದಿದ್ದ ಮೇಷ್ಟ್ರು ಪ್ರತಿಯನ್ನು ಕೈಗೆತ್ತಿಕೊಂಡು ಅಭ್ಯಾಸಬಲದಿಂದ ಮೇಲ್ಭಾಗ ಮಡಚಲು ಹೋದರು. ಮೊದಲ ಸಾಲು ಓದಿದರು. ಬೆರಳು ತೆಗೆದು, ಹಾಳೆಯನ್ನು ಅಂಗೈಯಿಂದ ನೇವರಿಸಿ ನನಗೆ ಕೊಟ್ಟರು. ಅವರು ನನಗೆ ಕೊಟ್ಟ ಪ್ರಶಸ್ತಿ ಅದು. ಹೊಣಕೆರೆಯಮ್ಮ ಮಾತ್ರ ಊಟದ ಸಾಲಿನಲ್ಲಿ ಸಿಕ್ಕಸಿಕ್ಕವರಿಗೆ, ಇವಳಿಗೆ ಪಾಠ ಹೇಳಿಕೊಟ್ಟವಳು ನಾನು ಎಂದು ಹೇಳಿಕೊಂಡು ಬಂದರು. ನಿಜವೇ ಆಗಿತ್ತು.

ಪುಸ್ತಕ ಅಚ್ಚಾಗಿ ಬಂದ ಮೇಲೆ ಅವ್ವ ಒಂದು ಪ್ರತಿ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ಕೆ.ಆರ್. ಪೇಟೆಗೆ ತಂಗಿಯ ಮನೆಗೆ ಹೋದಳು. ಪುಸ್ತಕ ಅವಳ ಕೈಗಿಟ್ಟು, ಓದು ಎಂದಳು. ಚಿಕ್ಕಮ್ಮ ಓದಿ ಮುಗಿಸಿ ಬಹಳ ಹೊತ್ತು ಅಕ್ಕನ ಕೈ ಹಿಡಿದುಕೊಂಡು ಕೂತಿದ್ದಳು. ಹೊರಡುವಾಗ, ಒಂದು ಬೀದಿಗೆಲ್ಲ ನನ್ನ ಮದುವೆ ಹೂವು ಮುಡಿಸಿ ಬಂದೆಯಲ್ಲ, ಅದಕ್ಕೇ ನನ್ನ ಸಂಸಾರ ಚೆನ್ನಾಗಿದೆ ಎಂದು ಅವ್ವನಿಗೇ ಮಲ್ಲಿಗೆ ಮುಡಿಸಿ ಕಳಿಸಿದಳು.

ಸಂಜೆ ನಾಲ್ಕರ ಬಸ್ಸು ಹತ್ತಿದೆವು. ಹೊರಡುವ ಸಮಯ ದಾಟಿದರೂ ಹೊರಡಲಿಲ್ಲ. ಡ್ರೈವರು ಎರಡು ಸಲ ಹಾರ್ನ್ ಹೊಡೆದ. ನಿಲ್ದಾಣದ ಟೀ ಅಂಗಡಿಯ ಮುಂದೆ, ಸಾಕ್ಷರತೆಯ ಕಾರ್ಯಕರ್ತರು ದಾರಕ್ಕೆ ನೇತುಹಾಕಿದ್ದ ಪುಟ್ಟ ಪುಸ್ತಕಗಳಲ್ಲಿ ಒಂದನ್ನು ಹಿಡಿದು ನಮ್ಮ ಬಸ್ಸಿನ ಕಂಡಕ್ಟರು ನಿಂತಿದ್ದ. ಹಸಿರು ರಕ್ಷಾಪುಟ. ಅದರ ಮೇಲೆ ನನ್ನ ಹೆಸರಿತ್ತು. ಪ್ರಯಾಣಿಕರೊಬ್ಬರು ಕಿಟಕಿಯಿಂದ ತಲೆ ಹಾಕಿ, ಹೊತ್ತಾಯಿತು ಬಾರಯ್ಯ ಎಂದು ಗದರಿದರು.

ಅವನು ಪುಟದಿಂದ ಕಣ್ಣು ತೆಗೆಯಲಿಲ್ಲ. "ಇರಿ ಸಾ, ಆ ಯಮ್ಮ ಇನ್ನೂ ಊರು ಸೇರಿಲ್ಲ."

ನಾನು ಎದ್ದು ನಿಂತು ಕೂಗಿ ಹೇಳಬೇಕು ಅನ್ನುವಷ್ಟು ಉಬ್ಬಿಹೋಗಿದ್ದೆ. ಅವ್ವ ನನ್ನ ಮೊಣಕೈ ಹಿಡಿದು ಕೂರಿಸಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಓದ್ಲಿ ಬುಡು," ಎಂದಳು. "ನಮಗೇನು ಅವಸರ."